ಅಕ್ಕ ಕಂಡ ನೀಲಿ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಒಂದು ತೆಳ್ಳನೆಯ ಪೊರೆ ಇರುತ್ತಿತ್ತು. ಈರುಳ್ಳಿಯ ಒಳಸಿಪ್ಪೆಯ ಹಾಗೆ, ಬೆಳಕು ಬಿದ್ದಾಗ ಮಾತ್ರ ಕಾಣುವಂಥದ್ದು. ಬೆಳಿಗ್ಗೆ ಪ್ಲಾಂಟಿನಿಂದ ಬಂದ ಸ್ಯಾಂಪಲ್ಲಿನ ಒಂದು ಹನಿಯನ್ನು ಉಗುರಿಗೆ ಸವರಿಕೊಂಡು ಬೇರೆ ಕೆಲಸ ನೋಡುತ್ತಿದ್ದರು. ಅದು ಒಣಗಿದ ಮೇಲೆ ಎಡಗೈ ಉಗುರಿನಿಂದ ಅಂಚು ಎಬ್ಬಿಸಿ ನಿಧಾನಕ್ಕೆ ಎಳೆಯುತ್ತಿದ್ದರು. ಹರಿಯದೆ ಇಡಿಯಾಗಿ ಬಂದರೆ "ಆಯ್ತು" ಎನ್ನುತ್ತಿದ್ದರು. ಹರಿದರೆ ಇನ್ನೊಂದು ಹನಿ ಸವರಿಕೊಳ್ಳುತ್ತಿದ್ದರು. ಅವರ ಬೆರಳ ತುದಿಗಳು ನುಣ್ಣಗಿದ್ದವು, ಗೆರೆಗಳೇ ಇರಲಿಲ್ಲ. ಬೆರಳ ಗೆರೆ ನೋಡಿ ಹಾಜರಿ ಹಾಕುವ ಯಂತ್ರ ಅವರನ್ನು ಒಂದು ದಿನವೂ ಗುರುತಿಸಲಿಲ್ಲ. ಇಡೀ ಕಾರ್ಖಾನೆಯಲ್ಲಿ ಅವರೊಬ್ಬರು ಮಾತ್ರ ಗೇಟಿನ ಪುಸ್ತಕದಲ್ಲಿ ಸಹಿ ಮಾಡಿ ಒಳಗೆ ಬರುತ್ತಿದ್ದರು.

ಕಾರ್ಖಾನೆ ಇರುವುದು ಗೌರಿಬಿದನೂರಿನ ಹತ್ತಿರ, ಕುಡುಮಲಕುಂಟೆಯಲ್ಲಿ. ಗೋಡೆಯ ಬಣ್ಣಕ್ಕೆ, ಗೋಂದಿಗೆ ಬೇಕಾಗುವ ಪಾಲಿಮರ್ ಎಮಲ್ಷನ್ ಅಲ್ಲಿ ತಯಾರಾಗುತ್ತದೆ. ನೋಡುವುದಕ್ಕೆ ಥೇಟು ಹಾಲು. ಆದರೆ ಆ ಹಾಲಿನಲ್ಲಿ ತೇಲುವುದು ಪ್ಲಾಸ್ಟಿಕ್ಕಿನ ಕಣಗಳು. ತಲೆಗೂದಲಿನ ದಪ್ಪದಲ್ಲಿ ಅಂಥ ಸುಮಾರು ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ನೀರು ಆರಿದಾಗ ಈ ಕಣಗಳು ಒಂದನ್ನೊಂದು ಒತ್ತುತ್ತವೆ. ಒಳಗಿನ ಉದ್ದುದ್ದ ಅಣುಸರಪಳಿಗಳು ಒಂದರ ಮನೆಯಿಂದ ಇನ್ನೊಂದರ ಮನೆಗೆ ನುಗ್ಗಿ ಹೆಣೆದುಕೊಳ್ಳುತ್ತವೆ. ಆಗ ಹಾಲಿನ ಬಿಳುಪು ಹೋಗಿ ಗಾಜಿನಂಥ ಪೊರೆ ಉಳಿಯುತ್ತದೆ. ಎಂ.ಎಸ್ಸಿ.ಯಲ್ಲಿ ನಾನು ಓದಿದ್ದು ಇದನ್ನೇ. ಚಿನ್ನದ ಪದಕ ಬಂದಿತ್ತು. ನಮ್ಮ ಮನೆ ಚಿಕ್ಕಬಳ್ಳಾಪುರದಲ್ಲಿ, ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಪದಕವನ್ನು ಗಾಜಿನ ಕಪಾಟಿನಲ್ಲಿಟ್ಟು, ಗ್ಯಾಸ್ ಸಿಲಿಂಡರ್ ತಂದವನಿಗೂ ತೋರಿಸುತ್ತಿದ್ದರು. ಕಣಗಳ ಗಾತ್ರ ಅಳೆಯುವ ಹೊಸ ಯಂತ್ರವೊಂದನ್ನು ಕಾರ್ಖಾನೆ ತರಿಸಿತ್ತು. ಅದನ್ನು ನಡೆಸುವುದಕ್ಕಾಗಿಯೇ ನನ್ನನ್ನು ತೆಗೆದುಕೊಂಡರು.

ಅಕ್ಕ ಓದಿದ್ದು ಎಸ್ಸೆಸ್ಸೆಲ್ಸಿ. ಹುಟ್ಟಿದ್ದು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯಲ್ಲಿ. ಹದಿನಾರಕ್ಕೆ ಶಿಡ್ಲಘಟ್ಟದ ಫಿಲೇಚರಿಗೆ ಸೇರಿ, ಕುದಿಯುವ ನೀರಿನಲ್ಲಿ ಕೈಯಿಟ್ಟು ರೇಷ್ಮೆಗೂಡುಗಳಿಂದ ನೂಲು ತೆಗೆಯುವ ಕೆಲಸ ಮಾಡಿದವರು. ಬೆರಳಿನ ಗೆರೆಗಳು ಹೋದದ್ದು ಅಲ್ಲೇ. ಮದುವೆಯಾಗಿ ಗೌರಿಬಿದನೂರಿಗೆ ಬಂದ ಮೇಲೆ ಈ ಕಾರ್ಖಾನೆಯ ಲ್ಯಾಬಿನಲ್ಲಿ ಬಾಟಲಿ ತೊಳೆಯುವುದಕ್ಕೆ ಸೇರಿದರು. ನಾನು ಸೇರುವಷ್ಟರಲ್ಲಿ ಅವರು ಟೆಕ್ನಿಷಿಯನ್. ಮ್ಯಾನೇಜರಿಂದ ಹಿಡಿದು ಲಾರಿ ಡ್ರೈವರವರೆಗೆ ಎಲ್ಲರ ಬಾಯಲ್ಲೂ "ಅಕ್ಕ". ನನಗಿಂತ ಹದಿನೆಂಟು ವರ್ಷಕ್ಕೆ ದೊಡ್ಡವರು, ನನ್ನ ಕೈಕೆಳಗೆ ಕೆಲಸ ಮಾಡಬೇಕಾದವರು. ಅವರು ನನ್ನನ್ನು ಮೇಡಂ ಎಂದು ಕರೆದು ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ನನ್ನ ಹೊಟ್ಟೆಕಿಚ್ಚು ಶುರುವಾದ ದಿನ ನನಗೆ ಚೆನ್ನಾಗಿ ನೆನಪಿದೆ. ಯಂತ್ರ ಬಂದು ಒಂದು ವಾರವಾಗಿತ್ತು. ಮ್ಯಾನೇಜರು ಚೀಟಿ ಹಚ್ಚದ ಐದು ಬಾಟಲಿ ತಂದು ಮೇಜಿನ ಮೇಲಿಟ್ಟು, "ಗಾತ್ರದ ಪ್ರಕಾರ ಸಾಲಾಗಿ ಜೋಡಿಸಿ ನೋಡಣ, ನೀವು ಮೆಷಿನ್ನಲ್ಲಿ, ಅಕ್ಕ ಕಣ್ಣಲ್ಲಿ" ಎಂದರು. ಅಕ್ಕ ಒಂದು ಕಪ್ಪು ಟೈಲನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು, ಅದರ ಮೇಲೆ ನೀರು ಬೆರೆಸಿದ ಐದು ಹನಿ ಬಿಟ್ಟು, ತಲೆ ಓರೆ ಮಾಡಿ ನೋಡಿದರು. ಕಣ ಸಣ್ಣದಾದಷ್ಟೂ ಹನಿಯ ಅಂಚಿನಲ್ಲಿ ನೀಲಿ ಛಾಯೆ ಹೆಚ್ಚು. ಆಕಾಶ ನೀಲಿಯಾಗಿ ಕಾಣುವುದಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಿನಿಂದ ನೋಡಿರಲಿಲ್ಲ.

ಎರಡು ನಿಮಿಷದಲ್ಲಿ ಅಕ್ಕ ನಾಲ್ಕು ಬಾಟಲಿ ಜೋಡಿಸಿದರು. ಐದನೆಯದನ್ನು ಕೈಯಲ್ಲೇ ಹಿಡಿದುಕೊಂಡು, "ಇದನ್ನ ಎಲ್ಲಿಡ್ಲಿ ಗೊತ್ತಾಗ್ತಿಲ್ಲ ಸಾರ್. ಇದ್ರಲ್ಲಿ ಎರಡು ತರ ಸೇರ್ಕೊಂಡೈತೆ" ಎಂದರು.

ನಾನು ಎರಡು ಗಂಟೆ ಅಳೆದೆ. ನಾಲ್ಕು ಬಾಟಲಿಗಳ ಸಾಲು ಅಕ್ಕನದೇ ಆಗಿತ್ತು. ಐದನೆಯದಕ್ಕೆ ಯಂತ್ರ ಒಂದೇ ಗಾತ್ರ ಕೊಟ್ಟಿತು, ನಾನು ಅದನ್ನು ಮೂರನೆಯ ಜಾಗದಲ್ಲಿಟ್ಟೆ. ಮ್ಯಾನೇಜರು ಜೋರಾಗಿ ನಕ್ಕರು. ಆ ಬಾಟಲಿಯಲ್ಲಿ ಎರಡು ಬ್ಯಾಚಿನ ಮಾಲನ್ನು ಅವರೇ ಬೆರೆಸಿ ತಂದಿದ್ದರಂತೆ. "ನಿಮ್ಮ ಮೆಷಿನ್ನು ಸರಾಸರಿ ಹೇಳ್ತದೆ ಕಣಮ್ಮ, ಅಕ್ಕ ಇದ್ದದ್ದು ಹೇಳ್ತಾರೆ" ಎಂದರು.

ಅಕ್ಕ ನಗಲಿಲ್ಲ. ಟೈಲು ತೊಳೆಯುವುದಕ್ಕೆ ಹೋದರು. ಅವರು ನಕ್ಕಿದ್ದರೆ ಅವರನ್ನು ದ್ವೇಷಿಸುವುದಾದರೂ ಸುಲಭವಾಗುತ್ತಿತ್ತು.

ಆಮೇಲೆ ನನಗೆ ಅವರ ಪ್ರತಿಯೊಂದೂ ಕಣ್ಣಿಗೆ ಚುಚ್ಚತೊಡಗಿತು. ನಾನು ಯಾವುದೇ ರಿಪೋರ್ಟು ಕೊಟ್ಟರೂ ಮ್ಯಾನೇಜರು ಮೊದಲು ಕೇಳುವುದು, "ಅಕ್ಕನ್ನ ಕೇಳಿದ್ರಾ?" ಒಂದು ದಿನದಲ್ಲಿ ಆ ಮಾತು ಎಷ್ಟು ಸಲ ಬಂತೆಂದು ಎಣಿಸುವ ಚಟ ನನಗೆ ಅಂಟಿತು. ಆಪರೇಟರುಗಳು ಸ್ಯಾಂಪಲ್ ಮಗ್ಗು ಹಿಡಿದು ನನ್ನ ಮೇಜನ್ನು ದಾಟಿಕೊಂಡು ಅವರ ಹತ್ತಿರ ಹೋಗುತ್ತಿದ್ದರು. ಒಂದು ಸಲ ನಮ್ಮಮ್ಮ ನಾನು ಕೆಲಸ ಮಾಡುವ ಜಾಗ ನೋಡಲು ಬಂದು ಅರ್ಧ ಗಂಟೆ ಲ್ಯಾಬಿನಲ್ಲಿ ಕೂತಿದ್ದರು. ಸಂಜೆ ಮನೆಯಲ್ಲಿ ಅವರ ಬಾಯಲ್ಲಿ ಬರೀ ಅಕ್ಕನದೇ ಮಾತು. "ಎಷ್ಟು ತಿಳ್ಕೊಂಡವ್ರೇ, ಎಷ್ಟು ಸಮಾಧಾನ. ನೀನು ಅವ್ರ ಹತ್ರ ಕಲಿತ್ಕೋ." ಅಂದು ನಾನು ಊಟ ಮಾಡಲಿಲ್ಲ.

ಅಕ್ಕ ಯಾರಿಗಾದರೂ ಏನಾದರೂ ವಿವರಿಸುವಾಗ ಫಿಲೇಚರಿನ ಉದಾಹರಣೆ ಕೊಡುತ್ತಿದ್ದರು. ರೇಷ್ಮೆ ಎಳೆಯ ಮೇಲೆ ಅಂಟಿನ ಒಂದು ಪದರವಿರುತ್ತದೆ. ಗೂಡನ್ನು ಕಡಿಮೆ ಬೇಯಿಸಿದರೆ ಅಂಟು ಬಿಡದೆ ಎಳೆ ತುಂಡಾಗುತ್ತದೆ, ಜಾಸ್ತಿ ಬೇಯಿಸಿದರೆ ಅಂಟೆಲ್ಲ ಹೋಗಿ ಎಳೆಗಳು ಸಿಕ್ಕುಸಿಕ್ಕಾಗುತ್ತವೆ. "ಸ್ವಲ್ಪ ಬಿಡ್ಬೇಕು, ಪೂರ್ತಿ ಬಿಡ್ಬಾರ್ದು. ಇಲ್ಲೂ ಅಷ್ಟೇ" ಎನ್ನುತ್ತಿದ್ದರು. ಎಮಲ್ಷನ್ ಪೊರೆಯಾಗುವುದನ್ನು ಹೊಸ ಆಪರೇಟರೊಬ್ಬನಿಗೆ ಹೀಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ: "ನೀರಿರೋಗಂಟ ಒಂದನ್ನೊಂದು ಮುಟ್ಟಲ್ಲ, ಮಡಿವಂತರು. ನೀರು ಹೋದ್ಮೇಲೆ ಬೇರೆ ದಾರಿ ಇಲ್ಲ, ಒಂದಾಗ್ತವೆ." ನನ್ನ ಎರಡು ವರ್ಷದ ಓದು ಆ ಎರಡು ಸಾಲಿನಲ್ಲಿತ್ತು. ಅಂಥ ಮಾತು ನನಗೆ ಹೊಳೆದಿರಲಿಲ್ಲವಲ್ಲ ಎಂದು ಸಂಕಟವಾಯಿತು. ಅಕ್ಕನ ಮನೆಯವರು ಬೌದ್ಧರಾಗಿ ಒಂದು ತಲೆಮಾರಾಗಿತ್ತು. ಮಡಿವಂತರು ಎಂದಾಗ ಅವರ ತುಟಿಯಂಚಿನಲ್ಲಿ ಕಂಡ ನಗು ಮಡಿಯ ಮನೆಯಲ್ಲಿ ಬೆಳೆದ ನನ್ನಂಥವರನ್ನೂ ಕುರಿತದ್ದು ಎಂದು ತಿಳಿಯುವುದಕ್ಕೆ ನನಗೆ ಬಹಳ ದಿನ ಬೇಕಾಯಿತು.

ಅವರಿಗೆ ಮನೆಮಾತು ತೆಲುಗು. ನಾನು ಗಡಿಬಿಡಿಯಲ್ಲಿದ್ದಾಗಲೆಲ್ಲ "ತೊಂದರ ಪಡಕಂಡಿ ಮೇಡಂ" ಎನ್ನುತ್ತಿದ್ದರು. ತೆಲುಗಿನಲ್ಲಿ ತೊಂದರ ಎಂದರೆ ಅವಸರ; ಅವಸರಪಡಬೇಡಿ ಎಂದು. "ಕನ್ನಡದಲ್ಲಿ ತೊಂದರೆ ಅಂದ್ರೆ ಬೇರೆ ಅಕ್ಕ" ಎಂದು ಒಮ್ಮೆ ತಿದ್ದಲು ಹೋದೆ. "ಎರಡೂ ಒಂದೇ ಬಿಡಿ ಮೇಡಂ, ಒಂದು ಮೊದ್ಲು ಬರ್ತದೆ, ಇನ್ನೊಂದು ಹಿಂದೆ ಬರ್ತದೆ" ಎಂದರು.

ಎಲ್ಲರೂ ಊಟಕ್ಕೆ ಹೋದಾಗ ನಾನು ಒಬ್ಬಳೇ ಆ ಕಪ್ಪು ಟೈಲಿನ ಮೇಲೆ ಹನಿ ಬಿಟ್ಟು ನೋಡುತ್ತಿದ್ದೆ. ನನಗೆ ಎಲ್ಲವೂ ಬಿಳಿ. ಒಂದು ದಿನ ಅಕ್ಕ ಟಿಫನ್ ಕ್ಯಾರಿಯರ್ ಮರೆತು ವಾಪಸು ಬಂದವರು ನನ್ನನ್ನು ನೋಡಿಬಿಟ್ಟರು. "ಟ್ಯೂಬ್‌ಲೈಟಲ್ಲಿ ಕಾಣಲ್ಲ ಮೇಡಂ, ಕಿಟಕಿ ಹತ್ರ ಬನ್ನಿ" ಎಂದರು. ನಾನು ಟೈಲನ್ನು ಸಿಂಕಿನಲ್ಲಿಟ್ಟು, "ಸುಮ್ನೆ ಕ್ಲೀನ್ ಮಾಡ್ತಿದ್ದೆ" ಎಂದು ಹೊರಗೆ ಹೋದೆ.

ಎರಡನೆಯ ವರ್ಷ ನಾನೇ ಒಂದು ಹೊಸ ಫಾರ್ಮುಲಾ ಮಾಡಿದೆ. ಅಲ್ಲಿಯವರೆಗೆ ಕಾರ್ಖಾನೆ ಮಾಡಿರದಷ್ಟು ಸಣ್ಣ ಕಣ. ಲ್ಯಾಬಿನ ಗಾಜಿನ ಪಾತ್ರೆಯಲ್ಲಿ ಮೂರು ಸಲ ಸರಿಯಾಗಿ ಬಂದಿತ್ತು. ದೊಡ್ಡ ರಿಯಾಕ್ಟರಿನಲ್ಲಿ ಮಾಡುವ ದಿನ ಮ್ಯಾನೇಜರು ಮೀಟಿಂಗಿಗೆಂದು ಬೆಂಗಳೂರಿಗೆ ಹೋಗಿದ್ದರು. ಅವರು ಸಂಜೆ ಬರುವಷ್ಟರಲ್ಲಿ ಬ್ಯಾಚು ಮುಗಿದಿರಬೇಕು, ಅದರಲ್ಲಿ ಅಕ್ಕನ ಹೆಸರು ಎಲ್ಲೂ ಬರಬಾರದು. ಇದು ನನ್ನ ಲೆಕ್ಕ.

ಕೆಲಸದ ಕ್ರಮ ಹೀಗೆ. ಮೊದಲು ರಿಯಾಕ್ಟರಿನಲ್ಲಿ ನೀರು, ಸೋಪು, ಮುಂದೆ ಪ್ಲಾಸ್ಟಿಕ್ ಆಗುವ ಮಾನೊಮರ್ ದ್ರವ ಸ್ವಲ್ಪ ಹಾಕಿ ಬಿಸಿ ಮಾಡಿ, ಕ್ರಿಯೆಯನ್ನು ಶುರುಮಾಡುವ ಒಂದು ಪುಡಿಯನ್ನು ಬೆರೆಸಬೇಕು. ಅಕ್ಕ ಅದನ್ನು ಹೆಪ್ಪು ಎನ್ನುತ್ತಿದ್ದರು. ಹತ್ತು ಹದಿನೈದು ನಿಮಿಷದಲ್ಲಿ ಹೆಪ್ಪು ಹಿಡಿದು, ಮೊದಲ ಕಣಗಳು ಹುಟ್ಟಿ, ಹಾಲಿನಲ್ಲಿ ನೀಲಿ ಕಾಣುತ್ತದೆ. ಅದಾದ ಮೇಲೆ ಉಳಿದ ಮಾನೊಮರನ್ನು ಪಂಪಿನಿಂದ ನಿಧಾನವಾಗಿ ಮೂರು ಗಂಟೆ ಬಿಡಬೇಕು, ಅದೇ ಫೀಡ್. ಕ್ರಿಯೆ ಶುರುವಾಗುವ ಮೊದಲೇ ಬಿಟ್ಟರೆ ಮಾನೊಮರ್ ಹಾಗೇ ಒಳಗೆ ಸೇರುತ್ತ ಹೋಗಿ, ಆಮೇಲೆ ಒಟ್ಟಿಗೆ ಹೊತ್ತಿಕೊಂಡಂತೆ ಕೆರಳುತ್ತದೆ. ಪುಡಿಯ ಪ್ರತಿ ಹೊಸ ಚೀಲವನ್ನೂ ಪರೀಕ್ಷೆ ಮಾಡಿ ಸಹಿ ಹಾಕುವುದು ನನ್ನ ಕೆಲಸ. ಆ ಬೆಳಿಗ್ಗೆ ಅವಸರದಲ್ಲಿ ಪರೀಕ್ಷೆ ಮಾಡದೆ ಸಹಿ ಹಾಕಿದ್ದೆ.

ಪುಡಿ ಬಿದ್ದು ಇಪ್ಪತ್ತು ನಿಮಿಷವಾಯಿತು. ಅಕ್ಕ ಮಗ್ಗಿನಲ್ಲಿ ಸ್ಯಾಂಪಲ್ ತೆಗೆದು ಟೈಲಿನ ಮೇಲೆ ನೋಡಿ ಬಂದರು.

"ಇನ್ನೂ ಎದ್ದಿಲ್ಲ ಮೇಡಂ. ಬರೀ ಬಿಳೀ. ಫೀಡ್ ಬಿಡ್ಬೇಡಿ."

"ಟೆಂಪರೇಚರ್ ಏರ್ತಿದೆಯಲ್ಲ ಅಕ್ಕ."

"ಅದು ಹೊರಗಿನ ಸ್ಟೀಮ್ ಬಿಸಿ. ಒಳಗಿಂದಲ್ಲ."

ಅವರು ಹೇಳಿದ್ದು ನಿಜವಿರಬಹುದೆಂದು ನನ್ನ ಬುದ್ಧಿಗೆ ಆ ಕ್ಷಣವೇ ಹೊಳೆದಿತ್ತು. ಆದರೆ ಪಕ್ಕದಲ್ಲಿ ಆಪರೇಟರ್ ನಿಂತು, ನನ್ನ ಮುಖ ಬಿಟ್ಟು ಅಕ್ಕನ ಮುಖ ನೋಡುತ್ತಿದ್ದ. ಅದನ್ನು ನನಗೆ ಸಹಿಸಲಾಗಲಿಲ್ಲ. "ಫೀಡ್ ಆನ್ ಮಾಡಿ" ಎಂದೆ.

ಪಂಪು ಅರ್ಧ ಗಂಟೆ ಓಡಿತು. ಅಕ್ಕ ಎರಡು ಸಲ ಸ್ಯಾಂಪಲ್ ತೆಗೆದರು. ಎರಡನೆಯ ಸಲ ಮಗ್ಗನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಮಾನೊಮರಿನ ಘಾಟು ತಲೆಗೆ ಏರಿತು. ಕ್ರಿಯೆ ನಡೆದಿದ್ದರೆ ಅಷ್ಟು ವಾಸನೆ ಬರಬಾರದು. ನಾನು "ಇನ್ನು ಹತ್ತು ನಿಮಿಷ ನೋಡೋಣ" ಎಂದೆ. ಅಕ್ಕ ಮಗ್ಗು ಕೆಳಗಿಟ್ಟು, ನೇರ ನಡೆದು ಹೋಗಿ, ಪಂಪಿನ ಕೆಂಪು ಗುಂಡಿ ಒತ್ತಿ ನಿಲ್ಲಿಸಿದರು. ಆಮೇಲೆ ಅದಕ್ಕೆ ಬೆನ್ನು ಕೊಟ್ಟು ನಿಂತುಕೊಂಡರು.

"ಆನ್ ಮಾಡಿ ಅಕ್ಕ. ಇದು ನನ್ನ ಬ್ಯಾಚು."

"ಬರೆದ್ಕೊಳ್ಳಿ, ನಾನೇ ನಿಲ್ಸಿದೆ ಅಂತ. ಕೂಲಿಂಗ್ ನೀರು ಪೂರ್ತಿ ಬಿಡಪ್ಪ" ಎಂದು ಆಪರೇಟರಿಗೆ ಹೇಳಿದರು. ಅವನು ನನ್ನನ್ನು ಕೇಳದೆ ವಾಲ್ವ್ ತಿರುಗಿಸಿದ.

ಐದಾರು ನಿಮಿಷಕ್ಕೆ ರಿಯಾಕ್ಟರಿನ ಒಳಗೆ ಸದ್ದು ಬದಲಾಯಿತು. ತಡವಾಗಿ ಎದ್ದ ಕ್ರಿಯೆ ಒಳಗೆ ಸೇರಿದ್ದ ಮಾನೊಮರನ್ನೆಲ್ಲ ಒಟ್ಟಿಗೆ ಹಿಡಿದುಕೊಂಡಿತ್ತು. ತಣ್ಣೀರು ಪೂರ್ತಿ ಬಿಟ್ಟಿದ್ದರೂ ಉಷ್ಣಮಾಪಕದ ಮುಳ್ಳು ಎಂಬತ್ತೆರಡರಿಂದ ತೊಂಬತ್ತಾರಕ್ಕೆ ಹಾರಿತು. ನೊರೆ ಮೇಲಿನ ಕೊಳವೆಗೆ ನುಗ್ಗಿ ಇಡೀ ಚೌಕಟ್ಟು ನಡುಗಿತು. ಅಕ್ಕ ನನ್ನ ತೋಳು ಹಿಡಿದು ಎಳೆದುಕೊಂಡು ಹೊರಗೆ ಓಡಿದರು. ಎಲ್ಲರೂ ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ನಿಂತೆವು. ಕಾಲು ಗಂಟೆಯಲ್ಲಿ ಸದ್ದು ಇಳಿಯಿತು. ಒಳಗೆ ಹೋಗಿದ್ದ ಮಾನೊಮರ್ ಆರರಲ್ಲಿ ಒಂದು ಪಾಲು ಮಾತ್ರವಾದ್ದರಿಂದ ರಿಯಾಕ್ಟರು ತಡೆಯಿತು. ನನ್ನ ಮಾತಿನಂತೆ ಪಂಪು ಓಡುತ್ತಲೇ ಇದ್ದಿದ್ದರೆ ಅದು ಒಡೆದು ಹೋಗುತ್ತಿತ್ತು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮಾಲೆಲ್ಲ ಗಡ್ಡೆಕಟ್ಟಿತ್ತು. ಮೂರು ದಿನ ಗುದ್ದಲಿಯಿಂದ ಕೆತ್ತಿ ತೆಗೆದರು.

ಮಾರನೆಯ ದಿನ ವರದಿ ಬರೆಯುವ ಕೆಲಸ ನನಗೆ ಬಂತು. ಅದರಲ್ಲಿ ಬರೆದ ಒಂದು ವಾಕ್ಯವನ್ನು ಈಗಲೂ ಬಾಯಿಪಾಠ ಹೇಳಬಲ್ಲೆ: "ಲ್ಯಾಬ್ ಟೆಕ್ನಿಷಿಯನ್ ಅನುಮತಿಯಿಲ್ಲದೆ ಫೀಡ್ ನಿಲ್ಲಿಸಿದ್ದರಿಂದ ಕ್ರಿಯೆಯ ಸಮತೋಲನ ತಪ್ಪಿ ಬ್ಯಾಚು ಹಾಳಾಯಿತು." ಅನುಮತಿಯಿಲ್ಲದೆ ನಿಲ್ಲಿಸಿದ್ದು ನಿಜ, ಬ್ಯಾಚು ಹಾಳಾಗಿದ್ದೂ ನಿಜ. ನಡುವೆ ಇದ್ದ "ದ್ದರಿಂದ" ಮಾತ್ರ ಸುಳ್ಳು. ಅಕ್ಕನೂ ಒಂದು ಹಾಳೆಯಲ್ಲಿ ದುಂಡು ಅಕ್ಷರದಲ್ಲಿ ತಮ್ಮ ಮಾತು ಬರೆದುಕೊಟ್ಟರು. ಆಪರೇಟರು ಅದಕ್ಕೆ ಸಾಕ್ಷಿ ಸಹಿ ಹಾಕಿದ. ಬೆಂಗಳೂರಿನ ಕಚೇರಿಯವರು ಪದಕದವಳ ಮಾತು ನಂಬಿದರು. ನನ್ನ ವಾಕ್ಯವನ್ನು ಇಂಗ್ಲಿಷಿನಲ್ಲಿ ಎತ್ತಿ ಬರೆದು ಅಕ್ಕನಿಗೆ ನೋಟೀಸು ಕೊಟ್ಟು, ಲ್ಯಾಬಿನಿಂದ ತೆಗೆದು, ಡ್ರಮ್ಮುಗಳಿಗೆ ಲೇಬಲ್ ಅಂಟಿಸುವ ಶೆಡ್ಡಿಗೆ ಹಾಕಿದರು.

ಒಂದು ವಾರದ ಮೇಲೆ ಆ ಪುಡಿಯನ್ನು ಪರೀಕ್ಷೆ ಮಾಡಿದೆ. ತೇವ ಕುಡಿದು ಅರ್ಧ ಸತ್ತಿತ್ತು. ಫಲಿತಾಂಶದ ಹಾಳೆಯನ್ನು ಮಡಚಿ ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡೆ.

ಈಗ ಲ್ಯಾಬಿಗೆ ನಾನೊಬ್ಬಳೇ ಯಜಮಾನಿ. ಆದರೂ ನೆಮ್ಮದಿಯಾಗಲಿಲ್ಲ. ಆಪರೇಟರುಗಳು ಸ್ಯಾಂಪಲ್ಲಿನ ಒಂದು ಮಗ್ಗು ನನಗೆ ತಂದುಕೊಟ್ಟು, ಇನ್ನೊಂದನ್ನು ಕದ್ದು ಶೆಡ್ಡಿಗೆ ಒಯ್ಯುತ್ತಿದ್ದರು. ಯಾರೋ ಅಕ್ಕನಿಗೆ ಒಡೆದ ಕಪ್ಪು ಟೈಲಿನ ತುಂಡೊಂದನ್ನು ಒದಗಿಸಿದ್ದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅಕ್ಕ ಟೈಲು ನೋಡುವುದು, ಸುತ್ತ ನಾಲ್ಕು ಜನ ಬಗ್ಗಿ ನಿಲ್ಲುವುದು. ಅವರ ಜಾಗವನ್ನೇ ಕಿತ್ತುಕೊಂಡ ಮೇಲೂ ನನ್ನ ಹೊಟ್ಟೆ ಉರಿಯುತ್ತಿತ್ತು. ಕಾರ್ಖಾನೆಯ ವ್ಯಾನಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಒಂದು ದಿನವೂ ಅವರು ಹಿಂತಿರುಗಿ ನೋಡಲಿಲ್ಲ.

ನಾಲ್ಕು ತಿಂಗಳ ಮೇಲೆ ನನ್ನ ಫಾರ್ಮುಲಾಕ್ಕೆ ಇನ್ನೊಂದು ಅವಕಾಶ ಬಂತು. ಈ ಸಲ ಸಣ್ಣ ರಿಯಾಕ್ಟರು. ಪುಡಿ ಸರಿಯಿತ್ತು, ಕ್ರಿಯೆ ಸರಿಯಿತ್ತು, ಆದರೂ ಒಣಗಿದ ಪೊರೆ ಬಿರುಕು ಬಿಡುತ್ತಿತ್ತು. ಯಂತ್ರದಲ್ಲಿ ಗಾತ್ರ ಸರಿಯಾಗಿಯೇ ಬರುತ್ತಿತ್ತು. ಹನ್ನೆರಡು ಸಲ ಮಾಡಿದೆ. ಕೊನೆಗೆ ಒಂದು ಮಧ್ಯಾಹ್ನ ಬಾಟಲಿಯನ್ನು ದುಪಟ್ಟಾದೊಳಗೆ ಹಿಡಿದುಕೊಂಡು ಶೆಡ್ಡಿಗೆ ಹೋದೆ.

ಅಕ್ಕ ಡ್ರಮ್ಮಿನ ಮೇಲೆ ಲೇಬಲ್ ಒತ್ತುತ್ತಿದ್ದರು. ಬಾಟಲಿಯನ್ನು ನೋಡಿದರು, ಮುಟ್ಟಲಿಲ್ಲ.

"ಮೊದ್ಲು ಆ ಕಾಗದ ತಿದ್ದು" ಎಂದರು. "ಆಮೇಲೆ ನೋಡ್ತೀನಿ."

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಯಾವ ಕಾಗದ ಅಕ್ಕ?"

"ನಿನಗೆ ಗೊತ್ತು. ನಾನು ಇಲ್ಲಿ ಕೂತು ಗೋಂದು ಹಚ್ಚೋಕೆ ಬೇಜಾರಿಲ್ಲ ಕಣಮ್ಮ, ಇದೂ ಕೆಲಸಾನೆ. ನನ್ನ ಹೆಸರಿನ ಮುಂದೆ ಸುಳ್ಳು ಬರೆದೈತೆ. ನನ್ನ ಮಗಳು ಅದನ್ನ ಓದವ್ಳೆ."

ಅಕ್ಕನ ಮಗಳು ಆಗ ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ನೋಟೀಸು ಇಂಗ್ಲಿಷಿನಲ್ಲಿದ್ದುದರಿಂದ ಅಮ್ಮನಿಗೆ ಅದನ್ನು ಓದಿ ಅರ್ಥ ಹೇಳಿದ್ದು ಅವಳೇ ಅಂತೆ.

ನಾನು ಬಾಟಲಿ ತೆಗೆದುಕೊಂಡು ವಾಪಸು ಬಂದೆ. ಎಂಟು ದಿನ ಸುಮ್ಮನಿದ್ದೆ. ಒಳ್ಳೆಯತನದಿಂದ ತಿದ್ದಿದೆ ಎಂದು ಹೇಳಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪೊರೆ ಯಾಕೆ ಬಿರುಕು ಬಿಡುತ್ತದೆಂದು ತಿಳಿಯದೆ ನನಗೆ ಇರಲಾಗಲಿಲ್ಲ, ಅದು ಒಂದು. ಊಟಕ್ಕೆ ಕೂತಾಗಲೆಲ್ಲ ಆ ಹುಡುಗಿ ನೋಟೀಸು ಹಿಡಿದು ಅಮ್ಮನಿಗೆ ಒಂದೊಂದೇ ಪದದ ಅರ್ಥ ಹೇಳುವುದು ಕಣ್ಣಮುಂದೆ ಬರುತ್ತಿತ್ತು, ಅದು ಇನ್ನೊಂದು. ಒಂಬತ್ತನೆಯ ದಿನ ಡ್ರಾಯರಿನಿಂದ ಪರೀಕ್ಷೆಯ ಹಾಳೆ ತೆಗೆದು, ಹೊಸ ವರದಿ ಬರೆದು, ಎರಡನ್ನೂ ಮ್ಯಾನೇಜರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು. "ಇದು ಯಾವಾಗ್ಲಿಂದ ಗೊತ್ತಿತ್ತು?" ಎಂದು ಕೇಳಿದರು. "ಒಂದು ವಾರ ಆದ್ಮೇಲಿಂದ ಸಾರ್" ಎಂದೆ. ನನ್ನ ಬಡ್ತಿ ಎರಡು ವರ್ಷ ಮುಂದೆ ಹೋಯಿತು. ಅಕ್ಕನ ಮೇಲಿನ ನೋಟೀಸು ರದ್ದಾಯಿತೆಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಸಿ ಬೋರ್ಡಿಗೆ ಹಾಕಿದರು.

ಅಕ್ಕ ಲ್ಯಾಬಿಗೆ ಬಂದವರು ಬೋರ್ಡಿನ ವಿಷಯ ಎತ್ತಲಿಲ್ಲ. "ಆ ಬಾಟ್ಲಿ ಎಲ್ಲಿ?" ಎಂದರು. ಹನಿಯನ್ನು ಉಗುರಿಗೆ ಸವರಿ, ಒಣಗಿಸಿ, ಎಳೆದು ನೋಡಿ, "ಕಣ ಚಿಕ್ಕದಾಗೈತೆ, ಆದ್ರೆ ಬಿರುಸು. ಒತ್ತಿದ್ರೆ ಬಗ್ಗಲ್ಲ. ಬಗ್ಗದೆ ಹೆಂಗೆ ಒಂದಾಗ್ತವೆ?" ಎಂದರು. ಅಣುಸರಪಳಿಯನ್ನು ಮೆದುವಾಗಿಸುವ ಮಾನೊಮರನ್ನು ಸ್ವಲ್ಪ ಹೆಚ್ಚಿಸಿದೆ. ಪೊರೆ ಇಡಿಯಾಗಿ ಬಂತು. ಆ ಮಾಲು ಈಗಲೂ ನಮ್ಮಲ್ಲಿ ತಯಾರಾಗುತ್ತದೆ.

ಆಮೇಲೆ ಅವರು ನನಗೆ ಕಲಿಸಿದರು. ಗೆಳತಿಯರಾದೆವು ಎಂದು ಹೇಳಲಾರೆ. ನಾನು ಮಾಡಿದ್ದನ್ನು ಅವರು ಮರೆಯಲಿಲ್ಲ, ಮರೆತ ಹಾಗೆ ನಟಿಸಲೂ ಇಲ್ಲ. ಬೆಳಿಗ್ಗೆ ಹತ್ತು ಗಂಟೆಯ ಬೆಳಕಿನಲ್ಲಿ ಕಿಟಕಿಯ ಬಳಿ ನಿಲ್ಲಿಸಿ, "ಹನಿಯ ನಡುವೆ ನೋಡ್ಬೇಡ, ಅಂಚು ನೋಡು. ದಿಟ್ಟಿಸ್ಬೇಡ" ಎನ್ನುತ್ತಿದ್ದರು. ಅದೇ ಹನಿಯನ್ನು ಗಾಜಿಗೆ ಹಚ್ಚಿ ಸೂರ್ಯನ ಕಡೆ ಹಿಡಿದರೆ ಕಿತ್ತಳೆ ಕೆಂಪು ಕಾಣುವುದನ್ನೂ ತೋರಿಸಿದರು. ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನಗೆ ನೀಲಿ ಕಂಡಿತು. ಕಂಡ ಕೂಡಲೇ ನನಗೆ ಬಂದ ಮೊದಲ ಯೋಚನೆ, ಇವರಿಗೆ ಇದು ಇಪ್ಪತ್ತು ವರ್ಷದಿಂದ ಕಾಣುತ್ತಿತ್ತಲ್ಲ ಎಂಬುದು.

ಇನ್ನೊಂದು ಸಂಗತಿ. ಬರೆಯದೆ ಬಿಡಬಹುದು, ಆದರೆ ಬಿಟ್ಟರೆ ನನ್ನ ಹೊಟ್ಟೆಕಿಚ್ಚು ಆ ವರದಿಯೊಂದಿಗೆ ಮುಗಿಯಿತೆಂದು ಓದಿದವರು ತಿಳಿಯುತ್ತಾರೆ.

ಅದಾಗಿ ಹತ್ತು ಹನ್ನೆರಡು ವರ್ಷ ಕಳೆದು ಅಕ್ಕನಿಗೆ ಐವತ್ತೈದು ದಾಟಿತ್ತು. ಒಂದು ದಿನ ಒಳ್ಳೆಯ ನೀಲಿ ಬಂದಿದ್ದ ಹನಿಯನ್ನು ನೋಡಿ ಅವರು "ಇನ್ನೂ ಇಲ್ಲ" ಎಂದರು. ಮರುದಿನವೂ ಹಾಗೆಯೇ. ಆಪರೇಟರುಗಳು ಕಾದರು. ಅಕ್ಕ ಎರಡನೆಯ ಸ್ಯಾಂಪಲ್ ಕೇಳಿ, ಮುಳ್ಳನ್ನೂ ವಾಸನೆಯನ್ನೂ ನೋಡಿ ಅಂದಾಜಿನಲ್ಲಿ "ಹೂಂ" ಎಂದರು. ನನಗೆ ಅರ್ಥವಾಯಿತು. ಕಣ್ಣಿಗೆ ಪೊರೆ ಬರುತ್ತಿತ್ತು. ಆ ಪೊರೆ ಹಳದಿಗಟ್ಟಿದಾಗ ಮೊದಲು ಮಸುಕಾಗುವುದು ನೀಲಿ. ಇಡೀ ಕಾರ್ಖಾನೆಯಲ್ಲಿ ಈಗ ನೀಲಿ ಕಾಣುವವಳು ನಾನೊಬ್ಬಳೇ. ನನಗೆ ಖುಷಿಯಾಯಿತು. ಎರಡು ದಿನ ಆ ಖುಷಿಯನ್ನು ಒಳಗಿಟ್ಟುಕೊಂಡು ಓಡಾಡಿದೆ. ಮ್ಯಾನೇಜರು ಎದುರಿಗಿರುವಾಗ ಅವರು ಒಂದು ಸಲ ತಪ್ಪು ಹೇಳಲಿ ಎಂದು ಕಾದೆ.

ಮೂರನೆಯ ದಿನ ಮ್ಯಾನೇಜರು ಎದುರಿಗೇ ಇದ್ದರು. ಅಕ್ಕ ಟೈಲನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು. ಅವರು ಹೀಗೆ ತಡವರಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ರಿಯಾಕ್ಟರು ನಡುಗಿದ ದಿನವೂ ನೋಡಿರಲಿಲ್ಲ. ನಾನು ಹತ್ತಿರ ಹೋಗಿ, ಲೋಟ ಎತ್ತಿಕೊಳ್ಳುವವಳ ಹಾಗೆ ಬಗ್ಗಿ, "ಬಂದಿದೆ ಅಕ್ಕ, ಚೆನ್ನಾಗಿದೆ" ಎಂದು ಅವರಿಗೆ ಮಾತ್ರ ಕೇಳುವಂತೆ ಹೇಳಿದೆ.

ಅವರು ತಲೆಯೆತ್ತಿ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಆಪರೇಟರ ಕಡೆ ತಿರುಗಿ, "ಬಂದೈತೆ, ಬಿಡಪ್ಪ" ಎಂದರು.

ಮುಂದಿನ ವಾರ ಚಿಕ್ಕಬಳ್ಳಾಪುರದಲ್ಲಿ ಅವರ ಕಣ್ಣಿನ ಆಪರೇಷನ್ ಆಯಿತು. ಎರಡು ದಿನ ನಮ್ಮ ಮನೆಯಲ್ಲೇ ಇದ್ದರು. ಅಮ್ಮನೂ ಅವರೂ ತೆಲುಗಿನಲ್ಲಿ ಮಾತಾಡುತ್ತ ಕೂತಿದ್ದನ್ನು ಅಡುಗೆಮನೆಯಿಂದ ಕೇಳಿಸಿಕೊಂಡು, ಅಮ್ಮ ನನ್ನ ಜೊತೆ ಹೀಗೆ ಎಂದಾದರೂ ನಕ್ಕಿದ್ದಾರೆಯೇ ಎಂದು ಯೋಚಿಸಿದೆ. ಕೆಲಸಕ್ಕೆ ವಾಪಸು ಬಂದ ದಿನ ಟೈಲು ನೋಡಿದ ಅಕ್ಕ, "ಅಯ್ಯೋ ಇದೇನಮ್ಮ, ಇಷ್ಟು ನೀಲಿ ಮೊದ್ಲು ಇರ್ಲಿಲ್ಲ" ಎಂದರು. ಮತ್ತೆ ಅವರೇ ನನಗಿಂತ ಮುಂದೆ ಹೋದರು.

ನಿವೃತ್ತರಾಗಿ ಮೂರು ವರ್ಷಕ್ಕೆ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಗೌರಿಬಿದನೂರಿನ ಅವರ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಮಂಚ ಹಾಕಿದ್ದರು. ಎಳನೀರು ಕುಡಿಸುತ್ತ ಕೂತಿದ್ದಾಗ, ಹೇಳದೆ ಇರಲಾಗದೆ ಹೇಳಿದೆ.

"ಅಕ್ಕ, ನನಗೆ ನಿಮ್ಮ ಮೇಲೆ ತುಂಬಾ ಹೊಟ್ಟೆಕಿಚ್ಚಿತ್ತು."

"ಗೊತ್ತು ಕಣಮ್ಮ. ಲ್ಯಾಬಿನ ಬಾಟ್ಲಿಗೂ ಗೊತ್ತಿತ್ತು."

"ಈಗಲೂ ಸ್ವಲ್ಪ ಇದೆ."

ಅವರು ನಕ್ಕರು, ಕೆಮ್ಮು ಬಂತು, ಸುಧಾರಿಸಿಕೊಂಡರು. "ನಿನಗಿಂತ ಮುಂಚೆ ನಾಕು ಜನ ಬಂದ್ರು, ನಿನ್ನಂಗೇ ಓದ್ದೋರು. ಒಳ್ಳೆ ಮಕ್ಕಳು. ಅಕ್ಕ ಸೂಪರ್ ಅಂದ್ರು, ಫೋಟೊ ತಕ್ಕೊಂಡ್ರು, ಹೋದ್ರು. ಒಬ್ರಿಗೂ ನಾನು ಮಾಡೋದು ತಮಗೂ ಬರ್ಬೇಕು ಅನ್ನಿಸ್ಲಿಲ್ಲ. ನಿನಗೆ ಉರೀತು, ಅದಕ್ಕೆ ಕಲ್ತೆ." ಎಳನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿ ಸೇರಿಸಿದರು: "ಆ ಕಾಗದ ಬರೀಬಾರ್ದಿತ್ತು, ಅಷ್ಟೇ."

ಅದು ಅವರ ಲೆಕ್ಕ.

ಎರಡು ತಿಂಗಳಲ್ಲಿ ಹೋಗಿಬಿಟ್ಟರು. ನಾನು ತಲುಪುವಷ್ಟರಲ್ಲಿ ಮನೆಯ ಮುಂದೆ ಶಾಮಿಯಾನ ಹಾಕಿ, ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಬೌದ್ಧ ಭಿಕ್ಷು ಭಂತೇಜಿಯೊಬ್ಬರು ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿಕೊಡುತ್ತಿದ್ದರು, ಕೂತವರು ಹಿಂದೆಯೇ ಹೇಳುತ್ತಿದ್ದರು. ಆಪರೇಟರುಗಳು, ಡ್ರೈವರುಗಳು, ಕ್ಯಾಂಟೀನಿನವರು, ಕೆಲಸ ಬಿಟ್ಟು ಹೋದ ಹಳಬರು, ಶಿಡ್ಲಘಟ್ಟದಿಂದ ಬಂದಿದ್ದ ಫಿಲೇಚರಿನ ಕಾಲದ ಮೂವರು ಹೆಂಗಸರು. ರಿಯಾಕ್ಟರಿನ ಆ ಹಳೆಯ ಆಪರೇಟರು ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ನಾನು ಸತ್ತರೆ ಇಷ್ಟು ಜನ ಬರುತ್ತಾರೆಯೇ ಎಂದು ನನ್ನ ಮನಸ್ಸು ಕೇಳಿತು. ಅಲ್ಲೂ ಬಿಡಲಿಲ್ಲ. ನಾಚಿಕೆಯಾಗಿ ಹಿಂದಿನ ಸಾಲಿನಲ್ಲಿ, ಚಪ್ಪಲಿಗಳ ಹತ್ತಿರ ನಿಂತುಕೊಂಡೆ.

ಪಕ್ಕದಲ್ಲಿ ಒಬ್ಬ ಮುದುಕಿ ಕುರ್ಚಿಯ ಮೇಲೆ ಕೂತಿದ್ದರು. ಕೆಂಚಾರ್ಲಹಳ್ಳಿಯಿಂದ ಬಂದ ಅಕ್ಕನ ಸೋದರತ್ತೆ ಎಂದು ಆಮೇಲೆ ತಿಳಿಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಯಾರಾಗ್ಬೇಕಮ್ಮ?" ಎಂದರು.

ಎಲ್ಲಿ ಕೇಳಿದರೂ ನನ್ನ ಹುದ್ದೆ ಹೇಳುವುದು ನನಗೆ ಅಭ್ಯಾಸ. ಆ ಹೊತ್ತಿಗೆ ನಾನು ಲ್ಯಾಬಿನ ಮುಖ್ಯಸ್ಥೆ. ಬಾಯಿಗೆ ಬಂದದ್ದು ಬೇರೆ.

"ಅವ್ರ ಹತ್ರ ಕೆಲಸ ಕಲ್ತೋಳು ಅಜ್ಜಿ" ಎಂದೆ.

ಮುದುಕಿ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟರು.

"ಮತ್ತೆ ಇಲ್ಯಾಕೆ ನಿಂತಿದ್ದೀಯ? ಮುಂದೆ ಹೋಗಮ್ಮ. ಮಗಳ ಪಕ್ಕ ಕೂತ್ಕೋ."